ಊರ ಮನೆಯ ಸ್ಮಾರ್ಟ್ ಹಬ್ ವಾರಕ್ಕೆ ಮೂರು ಸಲ ಆಫ್‌ಲೈನ್: ಹಬ್ ಕೆಟ್ಟಿದೆಯಾ, ನೆಟ್‌ವರ್ಕ್ ಸರಿ ಇಲ್ವಾ?

ಜಗಲಿದೀಪ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಾನಿರುವುದು ಬೆಂಗಳೂರಿನಲ್ಲಿ. ಅಪ್ಪ ಅಮ್ಮ ಇಬ್ಬರೇ ಸಾಗರದ ಹತ್ತಿರ ಊರ ಮನೆಯಲ್ಲಿದ್ದಾರೆ. ಅಪ್ಪನಿಗೆ 74, ಅಮ್ಮನಿಗೆ 69. ಹಳೇ ಮನೆ, ದಪ್ಪ ಗೋಡೆ, ಬಚ್ಚಲು ಹಿಂದುಗಡೆ. ರಾತ್ರಿ ಎದ್ದರೆ ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಎರಡು ಮೆಟ್ಟಿಲು ಇಳಿಯಬೇಕು. ಎರಡು ವರ್ಷದ ಹಿಂದೆ ಅಮ್ಮ ಆ ಮೆಟ್ಟಿಲ ಮೇಲೇ ಜಾರಿ ಬಿದ್ದು ಮುಂಗೈ ಮೂಳೆ ಮುರಿದುಕೊಂಡರು. ಅದಾದ ಮೇಲೆ ನಾನೊಂದು ಜಿಗ್ಬೀ ಹಬ್ ತಂದು ಹಾಕಿದೆ, ಅಂದರೆ ಬಲ್ಬು, ಸೆನ್ಸರ್‌ಗಳ ಜೊತೆ ರೇಡಿಯೋದಲ್ಲಿ ಮಾತಾಡಿ ಅವನ್ನು ನಡೆಸುವ ಡಬ್ಬಿ. ಆರು ಬಲ್ಬು, ನಾಲ್ಕು ಮೋಷನ್ ಸೆನ್ಸರ್, ಎರಡು ಪ್ಲಗ್ಗು, ನೀರಿನ ಟ್ಯಾಂಕಿಗೆ ಒಂದು ಸೆನ್ಸರ್. ಅಮ್ಮ ಎದ್ದು ನಡೆದರೆ ದಾರಿಯ ದೀಪ ತಾನಾಗಿ ಹತ್ತಬೇಕು. ಅಷ್ಟೇ ನನಗೆ ಬೇಕಾಗಿದ್ದು.

ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಈಗ ವಾರಕ್ಕೆ ಮೂರು ಸಲ ನನ್ನ ಆ್ಯಪ್‌ನಲ್ಲಿ ‘ಹಬ್ ಆಫ್‌ಲೈನ್’ ಅಂತ ಬರುತ್ತೆ. ಅಪ್ಪನಿಗೆ ಫೋನ್ ಮಾಡಿದರೆ ‘ನೆಟ್ ಇದೆಯಲ್ಲ, ಈಗ ತಾನೇ ವಾಟ್ಸಾಪ್ ನೋಡಿದೆ’ ಅಂತಾರೆ. ಅವರು ಹಬ್ ಪ್ಲಗ್ ತೆಗೆದು ಹಾಕುತ್ತಾರೆ. ಒಮ್ಮೆ ಸರಿ ಹೋಗುತ್ತೆ, ಒಮ್ಮೆ ಇಲ್ಲ. ಇದರ ಜೊತೆಗೆ ಬಚ್ಚಲ ಮೆಟ್ಟಿಲ ಸೆನ್ಸರ್ ಕೆಲವು ರಾತ್ರಿ ಕೆಲಸವನ್ನೇ ಮಾಡುವುದಿಲ್ಲ. ಬೆಳಿಗ್ಗೆ ನೋಡಿದರೆ ಸರಿ ಇರುತ್ತೆ.

ಎರಡು ಸಲ ರೀಸೆಟ್ ಮಾಡಿ ಎಲ್ಲವನ್ನೂ ಮತ್ತೆ ಜೋಡಿಸಿದ್ದೇನೆ. ಸಹಾಯವಾಣಿಗೆ ಕರೆ ಮಾಡಿದರೆ ಮೂರನೇ ಸಲ ರೀಸೆಟ್ ಮಾಡಿ ಅಂತಾರೆ. ಫೈಬರ್ ಮೋಡೆಮ್ ಜಗಲಿಯಲ್ಲಿದೆ. ಅದರ ವೈಫೈ ಒಳಗೆ ಬರಲ್ಲ ಅಂತ ಪಡಸಾಲೆಯ ಟಿವಿ ಪಕ್ಕ ನನ್ನದೇ ಒಂದು ರೂಟರ್ ಇಟ್ಟಿದ್ದೇನೆ. ಹಬ್ಬಿಗೆ ರೂಟರಿನಿಂದ ಕೇಬಲ್ ಕೊಟ್ಟಿದ್ದೇನೆ. ಹೊಸ ಹಬ್ ಕೊಳ್ಳಬೇಕಾ? ಅಮ್ಮ ಈಗ ಮತ್ತೆ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆ. ಅದು ನನಗೆ ನಿದ್ದೆ ಕೊಡುತ್ತಿಲ್ಲ.

ಪಿಂಗಣ್ಣ | ಭಾನುವಾರ ರಾತ್ರಿ 10:25

ಈಗಲೇ ಏನೂ ಕೊಳ್ಳಬೇಡಿ ಸರ್. ಇನ್ನೊಂದು ಸಲ ರೀಸೆಟ್ ಕೂಡ ಮಾಡಬೇಡಿ. ರೀಸೆಟ್ ಮಾಡಿದರೆ ತಪ್ಪಿನ ಗುರುತು ಅಳಿಸಿ ಹೋಗುತ್ತೆ, ತಪ್ಪು ಮಾತ್ರ ಅಲ್ಲೇ ಇರುತ್ತೆ.

ನೀವು ಹೇಳುತ್ತಿರುವುದು ಒಂದು ತೊಂದರೆ ಅಲ್ಲ, ಎರಡು ಅನ್ನಿಸುತ್ತಿದೆ. ಸೆನ್ಸರಿನಿಂದ ಹಬ್ಬಿಗೆ ಹೋಗುವುದು ಜಿಗ್ಬೀ ರೇಡಿಯೋ. ಹಬ್ಬಿನಿಂದ ನಿಮ್ಮ ಬೆಂಗಳೂರಿನ ಫೋನಿಗೆ ಬರುವುದು ಇಂಟರ್ನೆಟ್. ಆಟೊಮೇಷನ್ (ಯಾರಾದರೂ ನಡೆದರೆ ದೀಪ ಹತ್ತಿಸು ಅನ್ನುವ ನಿಯಮ) ಹಬ್ಬಿನ ಒಳಗೇ ನಡೆಯುವ ಹಾಗಿದ್ದರೆ, ಇಂಟರ್ನೆಟ್ ಪೂರ್ತಿ ಸತ್ತರೂ ಮೆಟ್ಟಿಲ ದೀಪ ಹತ್ತಬೇಕು.

ಹಾಗಾಗಿ ಅಪ್ಪನಿಗೆ ಒಂದೇ ಕೆಲಸ ಹೇಳಿ. ನಿಮಗೆ ‘ಆಫ್‌ಲೈನ್’ ಬಂದ ಹೊತ್ತಿಗೆ ಅವರು ಸೆನ್ಸರ್ ಮುಂದೆ ನಡೆದು ನೋಡಲಿ. ದೀಪ ಹತ್ತಿತಾ, ಇಲ್ವಾ? ಗಂಟೆ ಎಷ್ಟು? ಅದಕ್ಕೆ ಮುಂಚೆ ಕರೆಂಟ್ ಹೋಗಿತ್ತಾ, ಎಷ್ಟು ಹೊತ್ತು? ಒಂದು ವಾರ ಬರೆದಿಡಲಿ. ಅಲ್ಲಿವರೆಗೆ ಯಾವ ಸೆಟ್ಟಿಂಗ್ ಕೂಡ ಮುಟ್ಟಬೇಡಿ.

ಹುಬ್ಬಳ್ಳಿಅಕ್ಕ | ಸೋಮವಾರ ಬೆಳಿಗ್ಗೆ 7:15

ಹಬ್ ಎಲ್ಲಿ ಇಟ್ಟಿದ್ದೀರಿ? ರೂಟರ್ ಮೇಲೆ ಇದ್ದರೆ ಮೊದಲು ಅಲ್ಲಿಂದ ಎತ್ತಿ.

ಜಿಗ್ಬೀ ಮತ್ತು 2.4 ಗಿಗಾಹರ್ಟ್ಸ್ ವೈಫೈ ಒಂದೇ ಗಾಳಿಯಲ್ಲಿ ಮಾತಾಡುತ್ತವೆ. ವೈಫೈ ಜೋರು ದನಿ, ಜಿಗ್ಬೀ ಪಿಸುಮಾತು. ವೈಫೈ ಚಾನೆಲ್ 1 ಇರುವುದು 2412 ಮೆಗಾಹರ್ಟ್ಸ್ ಸುತ್ತ, 20 ಮೆಗಾಹರ್ಟ್ಸ್ ಅಗಲ. ಜಿಗ್ಬೀಗೆ 11ರಿಂದ 26ರವರೆಗೆ ಚಾನೆಲ್ ಇವೆ, ಒಂದೊಂದೂ 2 ಮೆಗಾಹರ್ಟ್ಸ್ ಅಗಲ ಅಷ್ಟೇ. ಜಿಗ್ಬೀ 11 ಅಂದರೆ 2405, ಅಂದರೆ ವೈಫೈ 1ರ ಹೊಟ್ಟೆಯೊಳಗೇ ಇದೆ. ಜಿಗ್ಬೀ 25 ಅಂದರೆ 2475, ಅದು ವೈಫೈ 11ಕ್ಕಿಂತಲೂ ಆಚೆ. ಎರಡಕ್ಕೂ ‘11’ ಅಂತ ನಂಬರ್ ಇದೆ ಅಂತ ಒಂದೇ ಅಂದುಕೊಳ್ಳಬೇಡಿ, ತುಂಬಾ ಜನ ಇಲ್ಲೇ ಎಡವುತ್ತಾರೆ.

ನನ್ನ ಅನುಭವ ಹೇಳ್ತೀನಿ. ನಾನು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ ಹೋಮ್ ಅಸಿಸ್ಟೆಂಟ್ ಅನ್ನುವ ಸ್ಮಾರ್ಟ್ ಮನೆ ಸಾಫ್ಟ್‌ವೇರ್ ಓಡಿಸುತ್ತೇನೆ. ಮೆಮೊರಿ ಕಾರ್ಡ್ ಪದೇ ಪದೇ ಕೆಡುತ್ತೆ ಅಂತ ಎಸ್‌ಎಸ್‌ಡಿ ಹಾಕಿದೆ. ನೀಲಿ ಯುಎಸ್‌ಬಿ 3 ಪೋರ್ಟಿಗೆ ಎಸ್‌ಎಸ್‌ಡಿ, ಪಕ್ಕದಲ್ಲೇ ಜಿಗ್ಬೀ ಡಾಂಗಲ್ (ಜಿಗ್ಬೀ ರೇಡಿಯೋ ಇರುವ ಯುಎಸ್‌ಬಿ ಕಡ್ಡಿ). ಅವತ್ತಿನಿಂದ ಅರ್ಧ ಸೆನ್ಸರ್ ಮಾಯ. ಹದಿನೈದು ದಿನ ಒದ್ದಾಡಿದೆ. ಯುಎಸ್‌ಬಿ 3 ಕೆಲಸ ಮಾಡುವಾಗ ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತೆ ಅಂತ ಇಂಟೆಲ್‌ನವರೇ 2012ರಲ್ಲಿ ಬರೆದು ಪ್ರಕಟಿಸಿದ್ದಾರೆ. ಡಾಂಗಲನ್ನು ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಟ್ಟು, ಕಪ್ಪು ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದೆ. ಅದೇ ಸಂಜೆ ಎಲ್ಲಾ ಸೆನ್ಸರ್ ವಾಪಸ್ ಬಂದವು. ನಿಮ್ಮದು ಡಬ್ಬಿ ಹಬ್, ಆದರೂ ಜಾಗದ ಮಾತು ಅದೇ.

ಡಲ್ಲಾಸ್ದಾವಣಗೆರೆ | ಸೋಮವಾರ ಬೆಳಿಗ್ಗೆ 8:02

ನಾನೂ ನಿಮ್ಮ ಹಾಗೇ, ದೂರದಿಂದ ದಾವಣಗೆರೆ ಮನೆ ನೋಡಿಕೊಳ್ಳುವವನು. ಹಬ್ ಆಫ್‌ಲೈನ್ ಅಂದ ಕೂಡಲೇ ಯಾರೋ ಬಂದು ‘ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ’ ಅಂತ ಹೇಳಬಹುದು, ಅಂದರೆ ಹೊರಗಿನಿಂದ ಒಳಗೆ ಬರಲು ರೂಟರಿನಲ್ಲಿ ಒಂದು ಬಾಗಿಲು ತೆಗೆಯಿರಿ ಅಂತ. ಕೇಳಬೇಡಿ. ಹಬ್ ತಾನೇ ಹೊರಗೆ ಸಂಪರ್ಕ ತೆಗೆಯುತ್ತೆ, ಅದಕ್ಕೆ ಬಾಗಿಲು ತೆರೆದಿಡಬೇಕಿಲ್ಲ. ತೆರೆದರೆ ಊರೆಲ್ಲ ಬಂದು ತಟ್ಟುತ್ತೆ. ಅದೂ ಅಲ್ಲದೆ ಮೋಡೆಮಿನ ಹೊರಗಿನ ಐಪಿ (ನೆಟ್‌ವರ್ಕ್ ವಿಳಾಸ) 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಅದು ಕಂಪನಿ ಹಲವು ಮನೆಗಳಿಗೆ ಹಂಚಿದ ವಿಳಾಸದ ಹಿಂದೆ ಇದೆ ಅಂತ ಅರ್ಥ. ಅಲ್ಲಿ ಪೋರ್ಟ್ ಫಾರ್ವರ್ಡ್ ಕೆಲಸವೇ ಮಾಡಲ್ಲ.

ಹೊಸನೆಟ್ | ಸೋಮವಾರ ಮಧ್ಯಾಹ್ನ 1:30

ಮೂರು ಡಬ್ಬಿ ಸೇರಿ ಮನೆಯೆಲ್ಲ ವೈಫೈ ಹರಡುವ ಮೆಶ್ ತಗೊಳ್ಳಿ, ಎಲ್ಲಾ ಸರಿ ಹೋಗುತ್ತೆ. ದಪ್ಪ ಗೋಡೆಯ ಮನೆಗೆ ಅದೇ ಮದ್ದು.

ಪಿಂಗಣ್ಣ | ಸೋಮವಾರ ಮಧ್ಯಾಹ್ನ 2:10

ಹಬ್ ಕೇಬಲ್ ಮೇಲಿದೆ, ಸೆನ್ಸರ್ ಜಿಗ್ಬೀ ಮೇಲಿದೆ. ವೈಫೈ ಮೆಶ್ ಇವೆರಡರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ಮೂರು ಡಬ್ಬಿ ಬಂದರೆ 2.4ರಲ್ಲಿ ಗದ್ದಲ ಇನ್ನೂ ಜಾಸ್ತಿ. ಎಲ್ಲಿ ಕಡಿದಿದೆ ಅಂತ ಗೊತ್ತಾಗುವ ಮೊದಲು ದುಡ್ಡು ಖರ್ಚು ಮಾಡಿಸುವುದು ಬೇಡ.

ಜಗಲಿದೀಪ | ಮುಂದಿನ ಭಾನುವಾರ ರಾತ್ರಿ 8:50

ಅಪ್ಪ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಎಲ್ಲಾ ಬರೆದಿಟ್ಟಿದ್ದಾರೆ. ಫೋಟೋ ಕಳಿಸಿದರು. ಕೆಲವನ್ನು ಹಾಗೇ ಬರೆಯುತ್ತೇನೆ:

ಸೋಮ. ಕರೆಂಟ್ 20 ನಿಮಿಷ ಇಲ್ಲ. ಬಂದ ಮೇಲೆ ಎಲ್ಲಾ ಸರಿ.
ಮಂಗಳ. ಮಧ್ಯಾಹ್ನ 2ರಿಂದ 4:30 ಕರೆಂಟ್ ಇಲ್ಲ. ಮಗ ಆಫ್‌ಲೈನ್ ಅಂದ. ಮೆಟ್ಟಿಲ ಹತ್ತಿರ ನಡೆದೆ, ದೀಪ ಹತ್ತಿತು.
ಬುಧ. ರಾತ್ರಿ 11:15, ಇವಳು ಎದ್ದಳು. ದೀಪ ಹತ್ತಲಿಲ್ಲ. ಮಗ ಆನ್‌ಲೈನ್ ಅಂದ.
ಗುರು. ಕರೆಂಟ್ 40 ನಿಮಿಷ ಇಲ್ಲ. ತೊಂದರೆ ಇಲ್ಲ.
ಶುಕ್ರ. ಮಳೆ, ಸಂಜೆ 5ರಿಂದ 8 ಕರೆಂಟ್ ಇಲ್ಲ. ಆಫ್‌ಲೈನ್. ದೀಪ ಹತ್ತಿತು.
ಶನಿ. ರಾತ್ರಿ 1:30 ದೀಪ ಇಲ್ಲ. ಬೆಳಿಗ್ಗೆ 6ಕ್ಕೆ ಇದೆ.

ಪಿಂಗಣ್ಣ, ನೀವು ಹೇಳಿದ್ದು ಸರಿ. ಎರಡೂ ಬೇರೆ ಬೇರೆ. ಆಫ್‌ಲೈನ್ ಇದ್ದಾಗ ದೀಪ ಹತ್ತುತ್ತೆ, ಆನ್‌ಲೈನ್ ಇದ್ದಾಗ ಹತ್ತಲ್ಲ!

ಹುಬ್ಬಳ್ಳಿಅಕ್ಕ, ಹಬ್ ರೂಟರ್ ಮೇಲೇ ಇದೆ. ಮುಟ್ಟಬೇಡಿ ಅಂದಿದ್ದಕ್ಕೆ ಹಾಗೇ ಬಿಟ್ಟಿದ್ದೇನೆ.

ಪಿಂಗಣ್ಣ | ಭಾನುವಾರ ರಾತ್ರಿ 9:20

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಇಷ್ಟು ಅಚ್ಚುಕಟ್ಟಾದ ಲಾಗ್ ನನಗೆ ಆಫೀಸಿನಲ್ಲೂ ಸಿಗುವುದಿಲ್ಲ.

ನೋಡಿ, 20 ಮತ್ತು 40 ನಿಮಿಷ ಹೋದಾಗ ಏನೂ ಆಗಿಲ್ಲ. ಎರಡೂವರೆ, ಮೂರು ಗಂಟೆ ಹೋದಾಗ ಮಾತ್ರ ಆಫ್‌ಲೈನ್. ನನಗೆ ಮೂರು ವಿಷಯ ಬೇಕು. ಒಂದು, ಮನೆಯಲ್ಲಿ ಇನ್ವರ್ಟರ್ ಇದೆಯಾ, ಅದರ ಮೇಲೆ ಏನೇನಿದೆ? ಎರಡು, ಮೋಡೆಮಿನಿಂದ ಬಂದ ಕೇಬಲ್ ರೂಟರಿನ ಯಾವ ತೂತಿಗೆ ಹಾಕಿದ್ದೀರಿ? ಬೇರೆ ಬಣ್ಣದ ಒಂಟಿ ತೂತಿಗಾ, ಸಾಲಾಗಿರುವ ನಾಲ್ಕರಲ್ಲಿ ಒಂದಕ್ಕಾ? ಮೂರು, ಸರಿ ಇರುವಾಗ ಹಬ್ಬಿನ ಐಪಿ ಎಷ್ಟು, ಆಫ್‌ಲೈನ್ ಇರುವಾಗ ಎಷ್ಟು?

ಇನ್ನೊಂದು. ಅಪ್ಪ ವಾಟ್ಸಾಪ್ ನೋಡಿದ್ದು ವೈಫೈನಲ್ಲಾ, ಮೊಬೈಲ್ ಡೇಟಾದಲ್ಲಾ? ವೈಫೈನಲ್ಲಿ ನೆಟ್ ಇಲ್ಲದಿದ್ದರೆ ಈಗಿನ ಫೋನುಗಳು ಹೇಳದೆ ಕೇಳದೆ ಡೇಟಾಗೆ ಹೊರಳುತ್ತವೆ.

ಹುಬ್ಬಳ್ಳಿಅಕ್ಕ | ಭಾನುವಾರ ರಾತ್ರಿ 9:45

ದೀಪ ಹತ್ತದಿರುವುದು ರಾತ್ರಿ ಮಾತ್ರ ಅಲ್ವಾ? ಹಾಗಾದರೆ ದಿನಾ ರಾತ್ರಿ 10ರ ಹೊತ್ತಿಗೆ ನಿಮ್ಮ ಮನೆಯಲ್ಲಿ ಏನಾಗುತ್ತೆ, ಬೆಳಿಗ್ಗೆ 5-6ಕ್ಕೆ ಏನಾಗುತ್ತೆ? ಆ್ಯಪ್ ಬಿಡಿ, ಮನೆಯಲ್ಲಿ ಏನಾಗುತ್ತೆ ಅಂತ ನೋಡಿ.

ಜಗಲಿದೀಪ | ಶನಿವಾರ ರಾತ್ರಿ 11:55, ಊರಿಂದ

ನಿಮ್ಮ ಪ್ರಶ್ನೆಗಳಿಗೆ ಫೋನಿನಲ್ಲಿ ಉತ್ತರ ಸಿಗಲ್ಲ ಅಂತ ಬಸ್ಸು ಹತ್ತಿ ಊರಿಗೆ ಬಂದೆ.

ಇನ್ವರ್ಟರ್ ಇದೆ. ಜಗಲಿಯ ಮೋಡೆಮ್ ಅದರ ಮೇಲಿದೆ. ಬ್ಯಾಟರಿ ಹಳತು, ಒಂದು ಗಂಟೆ ಬಂದರೆ ಹೆಚ್ಚು. ಟಿವಿ ಹತ್ತಿರದ ಪ್ಲಗ್ ಪಾಯಿಂಟು ಇನ್ವರ್ಟರ್ ಮೇಲಿಲ್ಲ. ಮೋಡೆಮ್ ಕೇಬಲ್ ರೂಟರಿನ ಸಾಲು ತೂತುಗಳಲ್ಲಿ ಒಂದಕ್ಕೆ ಹೋಗಿದೆ. ಹಾಕಿದವನು ನಾನೇ, ಆಗ ನೆಟ್ ಬಂತು ಅಂತ ಮುಂದೆ ಯೋಚನೆ ಮಾಡಿರಲಿಲ್ಲ.

ಮಧ್ಯಾಹ್ನ ಮೇನ್ ಸ್ವಿಚ್ ಮತ್ತು ಇನ್ವರ್ಟರ್ ಎರಡನ್ನೂ ಆರಿಸಿ, ಒಟ್ಟಿಗೆ ಹಾಕಿದೆ. ಅಪ್ಪ ಗಡಿಯಾರ ಹಿಡಿದು ಜಗಲಿಯಲ್ಲಿ ನಿಂತರು, ನಾನು ಟಿವಿ ಹತ್ತಿರ. ರೂಟರ್ ಒಂದು ನಿಮಿಷದಲ್ಲಿ ಎದ್ದಿತು. ಮೋಡೆಮಿನ ದೀಪ ಮಿಣುಕುವುದು ನಿಂತಿದ್ದು ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ. ಅಷ್ಟರಲ್ಲಿ ನನ್ನ ಫೋನಿನಲ್ಲಿ ‘ಆಫ್‌ಲೈನ್’ ಬಂದೇ ಬಿಟ್ಟಿತ್ತು. ರೂಟರ್ ಪುಟ ತೆರೆದು ನೋಡಿದೆ. ಹಬ್ಬಿನ ಐಪಿ 192.168.0.105. ಸರಿ ಇದ್ದಾಗ ಅದು 192.168.1.23 ಇತ್ತು!

ಅಪ್ಪನ ಫೋನ್ ನೋಡಿದೆ. ವೈಫೈ ಗುರುತಿನ ಪಕ್ಕ ಸಣ್ಣ ಆಶ್ಚರ್ಯ ಚಿಹ್ನೆ. ಅವರು ವಾಟ್ಸಾಪ್ ನೋಡುವುದು ಜಗಲಿಯ ಕಟ್ಟೆ ಮೇಲೆ ಕೂತು. ಮನೆಯಲ್ಲಿ ಮೊಬೈಲ್ ಸಿಗ್ನಲ್ ಬರುವ ಜಾಗ ಅದೊಂದೇ.

ಪಿಂಗಣ್ಣ | ಭಾನುವಾರ ಬೆಳಿಗ್ಗೆ 6:50

ಸಿಕ್ಕಿತು ಸರ್. ನಿಮ್ಮ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಿದ್ದಾರೆ. ಮೋಡೆಮ್ 192.168.1 ಅಂತ ಹಂಚುತ್ತೆ, ರೂಟರ್ 192.168.0 ಅಂತ ಹಂಚುತ್ತೆ. ಡಿಎಚ್‌ಸಿಪಿ ಅನ್ನುವುದು ಇದನ್ನೇ. ಯಾರು ಮೊದಲು ಕೊಟ್ಟರೋ ಅವರ ಚೀಟಿ ಹಿಡಿದು ಹಬ್ ಹೋಗುತ್ತೆ. ರೂಟರ್ ಕೊಟ್ಟ ಚೀಟಿಯಲ್ಲಿ ‘ಹೊರಗೆ ಹೋಗುವ ದಾರಿ ನನ್ನ ಮೂಲಕ’ ಅಂತ ಇರುತ್ತೆ. ಆದರೆ ರೂಟರಿನ ಹೊರಬಾಗಿಲಿಗೆ, ಅಂದರೆ ಆ ಒಂಟಿ ತೂತಿಗೆ, ಕೇಬಲ್ಲೇ ಇಲ್ಲ. ಅಲ್ಲಿಗೆ ದಾರಿ ಮುಗಿಯಿತು.

ಕರೆಂಟ್ ಒಂದು ಗಂಟೆಯೊಳಗೆ ಬಂದರೆ ಮೋಡೆಮ್ ಇನ್ವರ್ಟರ್ ಮೇಲೆ ಎಚ್ಚರ ಇರುತ್ತೆ, ರೂಟರ್ ಪೂರ್ತಿ ಏಳುವ ಮೊದಲೇ ಅದು ಉತ್ತರ ಕೊಡುತ್ತೆ. ಎಲ್ಲಾ ಸರಿ. ಬ್ಯಾಟರಿ ಮುಗಿಯುವಷ್ಟು ಹೊತ್ತು ಹೋದರೆ ಇಬ್ಬರೂ ಒಟ್ಟಿಗೆ ಏಳಬೇಕು, ಒಂದು ನಿಮಿಷದ ರೂಟರ್ ಮೂರು ನಿಮಿಷದ ಮೋಡೆಮನ್ನು ಹಿಂದೆ ಹಾಕುತ್ತೆ. ಹಬ್ ಪ್ಲಗ್ ತೆಗೆದು ಹಾಕಿದಾಗ ಒಮ್ಮೆ ಸರಿ, ಒಮ್ಮೆ ಇಲ್ಲ ಆಗುತ್ತಿದ್ದುದೂ ಇದರಿಂದಲೇ.

ಹೀಗೆ ಮಾಡಿ. ಕೇಬಲ್ ಈಗಿರುವ ತೂತಿನಲ್ಲೇ ಇರಲಿ. ರೂಟರಿನ ವಿಳಾಸವನ್ನು 192.168.1.2 ಮಾಡಿ, ಅದರ ಡಿಎಚ್‌ಸಿಪಿ ಆರಿಸಿ. ‘ಆಕ್ಸೆಸ್ ಪಾಯಿಂಟ್ ಮೋಡ್’ (ವಿಳಾಸ ಹಂಚದೆ ಬರೀ ವೈಫೈ ಕೊಡುವುದು) ಅಂತ ಇದ್ದರೆ ಅದನ್ನೇ ಒತ್ತಿದರೆ ಸಾಕು. ಮೋಡೆಮ್ ಹಂಚುವ ಪಟ್ಟಿ .20ರಿಂದ ಶುರುವಾಗಲಿ, ರೂಟರಿನ .2ನ್ನು ಬೇರೆ ಯಾರಿಗೂ ಕೊಡದಿರಲಿ. ಹಬ್ಬಿಗೆ ಮೋಡೆಮಿನಲ್ಲಿ .50 ಅಂತ ಕಾದಿರಿಸಿ. ಕೇಬಲನ್ನು ಒಂಟಿ ತೂತಿಗೆ ಬದಲಾಯಿಸಿದರೂ ನೆಟ್ ಬರುತ್ತೆ. ಆದರೆ ಆಗ ಜಗಲಿಯ ವೈಫೈನಲ್ಲಿರುವ ಫೋನಿಗೆ ಒಳಗಿನ ಹಬ್ ಕಾಣುವುದಿಲ್ಲ. ಒಂದೇ ಮನೆಗೆ ಒಂದೇ ನೆಟ್‌ವರ್ಕ್ ಇರುವುದು ಒಳ್ಳೆಯದು.

ಆಮೇಲೆ ಮೇನ್ ಆರಿಸಿ ಮತ್ತೆ ಪರೀಕ್ಷೆ ಮಾಡಿ. ಮೂರು ನಿಮಿಷ ವಿಳಾಸ ಸಿಗದಿದ್ದರೆ ಕೆಲವು ಸಾಧನ ಬೇಸತ್ತು 169.254 ಅಂತ ತಾವೇ ಒಂದು ವಿಳಾಸ ಹಾಕಿಕೊಂಡು ಕೂತುಬಿಡುತ್ತವೆ. ನಿಮ್ಮದು ಕಾಯುತ್ತಾ ನೋಡಿ.

ಜಗಲಿದೀಪ | ಭಾನುವಾರ ಮಧ್ಯಾಹ್ನ 12:40

ಮಾಡಿದೆ. ಮೂರು ಸಲ ಮೇನ್ ಆರಿಸಿ ಹಾಕಿದೆ. ಮೂರು ಸಲವೂ ನಾಲ್ಕು ನಿಮಿಷದೊಳಗೆ ಹಬ್ 192.168.1.50ಕ್ಕೆ ಬಂತು, ಆನ್‌ಲೈನ್!

ಇನ್ನು ಅಕ್ಕನ ಪ್ರಶ್ನೆ. ನಿನ್ನೆ ರಾತ್ರಿ ಪಡಸಾಲೆಯಲ್ಲಿ ಸುಮ್ನೆ ಕೂತು ಅಮ್ಮನನ್ನು ನೋಡುತ್ತಿದ್ದೆ. ಹತ್ತು ಗಂಟೆಗೆ ಒಲೆ ಒರೆಸಿದರು. ಹಾಲಿನ ಪಾತ್ರೆ ಮುಚ್ಚಿದರು. ಹಿತ್ತಿಲ ಬಾಗಿಲ ಚಿಲಕ ಹಾಕಿ, ಒಮ್ಮೆ ಎಳೆದು ನೋಡಿದರು. ದೇವರ ಮುಂದೆ ಕೈ ಮುಗಿದರು. ಕೊನೆಗೆ ಪಡಸಾಲೆಯ ಬೋರ್ಡಿಗೆ ಕೈ ಹಾಕಿ ಬಲ್ಬಿನ ಸ್ವಿಚ್ ‘ಟಪ್’ ಅಂತ ಆರಿಸಿದರು. ಬಲ್ಬು ಆಗಲೇ ಆರಿತ್ತು, ಆದರೂ ಆರಿಸಿದರು. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಮಲಗುವ ಮುಂಚೆ ಎಲ್ಲಾ ಸ್ವಿಚ್ ಮುಟ್ಟಿ ಮಲಗುವುದು ಅವರ ಅಭ್ಯಾಸ.

ನಾನು ಎದ್ದು ಮೆಟ್ಟಿಲ ಸೆನ್ಸರ್ ಮುಂದೆ ನಡೆದೆ. ಸೆನ್ಸರಿನ ಕೆಂಪು ಚುಕ್ಕಿ ಮಿಂಚಿತು. ದೀಪ ಹತ್ತಲಿಲ್ಲ.

ಹುಬ್ಬಳ್ಳಿಅಕ್ಕ | ಭಾನುವಾರ ಮಧ್ಯಾಹ್ನ 1:15

ಅದೇ! ಜಿಗ್ಬೀಯಲ್ಲಿ ಕರೆಂಟಿನ ಮೇಲೆ ಇರುವ ಬಲ್ಬು, ಪ್ಲಗ್ಗು ಬೇರೆಯವರ ಸಂದೇಶವನ್ನೂ ದಾಟಿಸುತ್ತವೆ. ಸೆಲ್ ಹಾಕಿದ ಸೆನ್ಸರ್ ದಾಟಿಸುವುದಿಲ್ಲ, ಒಬ್ಬರ ಕೈ ಹಿಡಿದುಕೊಂಡಿರುತ್ತೆ ಅಷ್ಟೇ. ನಿಮ್ಮ ಮೆಟ್ಟಿಲ ಸೆನ್ಸರ್ ಹಿಡಿದಿರುವುದು ಪಡಸಾಲೆ ಬಲ್ಬಿನ ಕೈ. ಅಮ್ಮ ಸ್ವಿಚ್ ಆರಿಸಿದ ಕೂಡಲೇ ಅದು ಒಂಟಿ. ಬೇರೆ ದಾರಿ ಹುಡುಕಲು ಕೆಲವು ಸೆನ್ಸರ್ ಗಂಟೆಗಟ್ಟಲೆ ತೆಗೆದುಕೊಳ್ಳುತ್ತವೆ. ಬೆಳಿಗ್ಗೆ ಅವರು ಸ್ವಿಚ್ ಹಾಕಿದ ಮೇಲೆ ಮತ್ತೆ ಸರಿ.

ಒಂದು ಪ್ಲಗ್ಗನ್ನು ಅಡುಗೆಮನೆಯಲ್ಲಿ ಯಾರೂ ಮುಟ್ಟದ ಪಾಯಿಂಟಿಗೆ ಹಾಕಿ, ಫ್ರಿಜ್ ಹಿಂದೆ ಬೇಡ, ಕಬ್ಬಿಣದ ಮರೆ ಆಗುತ್ತೆ. ಮೆಟ್ಟಿಲ ಸೆನ್ಸರನ್ನು ಆ ಪ್ಲಗ್ಗಿನ ಪಕ್ಕ ಹಿಡಿದು ಮತ್ತೆ ಜೋಡಿಸಿ. ಹಬ್ಬನ್ನು ರೂಟರಿನಿಂದ ಎರಡು ಮೀಟರ್ ಆಚೆ ಸರಿಸಿ. ವೈಫೈ 2.4ನ್ನು ಚಾನೆಲ್ 1, 20 ಮೆಗಾಹರ್ಟ್ಸ್ ಅಂತ ಕಟ್ಟಿಹಾಕಿ, ಜಿಗ್ಬೀ 25ಕ್ಕೆ ಹೋಗಲಿ. ಚಾನೆಲ್ ಬದಲಾಯಿಸಿದಾಗ ಒಂದೆರಡು ಸೆನ್ಸರ್ ಕಳೆದುಹೋಗಬಹುದು, ಅವನ್ನು ಮತ್ತೆ ಜೋಡಿಸಬೇಕು. ಹಾಗಾಗಿ ಊರಲ್ಲಿ ಇರುವಾಗಲೇ ಮಾಡಿ.

ಕರಾವಳಿಕರೆಂಟ್ | ಭಾನುವಾರ ಮಧ್ಯಾಹ್ನ 3:30

ನಾನು ಪುತ್ತೂರಿನ ಕಡೆ ವೈರಿಂಗ್ ಕೆಲಸ ಮಾಡುವವ. ನೆಟ್‌ವರ್ಕ್ ನನಗೆ ಅಷ್ಟು ಗೊತ್ತಿಲ್ಲ, ಮನೆ ಗೊತ್ತು.

ಅಮ್ಮನಿಗೆ ‘ಸ್ವಿಚ್ ಮುಟ್ಟಬೇಡ’ ಅಂತ ಹೇಳಬೇಡಿ. ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದ ಮನೆಗಳನ್ನು ನೋಡಿದ್ದೇನೆ, ದೊಡ್ಡವರಿಗೆ ತಮ್ಮ ಮನೆಯಲ್ಲೇ ಹೆದರಿ ಓಡಾಡುವ ಹಾಗೆ ಆಗುತ್ತದೆ. ಸ್ವಿಚ್ಚಿನ ಹಿಂದೆ ಸಣ್ಣ ಮಾಡ್ಯೂಲ್ ಕೂರಿಸಿದರೆ ಅವರು ಎಷ್ಟು ಸಲ ಒತ್ತಿದರೂ ಒಳಗೆ ಕರೆಂಟ್ ಇರುತ್ತದೆ. ಆದರೆ ಹೆಚ್ಚಿನ ಮಾಡ್ಯೂಲಿಗೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಬೇಕು. ಹಳೇ ಮನೆಯ ಬೋರ್ಡಿನಲ್ಲಿ ಎಷ್ಟೋ ಕಡೆ ನ್ಯೂಟ್ರಲ್ ಇರುವುದಿಲ್ಲ, ವೈರ್‌ಮ್ಯಾನ್ ಕರೆಸಿ ತೆರೆದು ನೋಡಿ.

ರೂಟರ್, ಹಬ್ ಎರಡೂ ಇನ್ವರ್ಟರ್ ಲೈನಿಗೆ ಬರಲಿ. ಫ್ಯಾನಿನ ಮುಂದೆ ಅವುಗಳ ಲೋಡ್ ಏನೂ ಅಲ್ಲ. ಸಿಡಿಲಿನ ದಿನ ಅಡಾಪ್ಟರ್ ಜೊತೆಗೆ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಫೈಬರ್ ಗಾಜಿನ ಎಳೆ ನಿಜ, ಆದರೆ ಕಂಬದಿಂದ ಬರುವ ಕೆಲವು ಕೇಬಲಿನಲ್ಲಿ ಜೊತೆಗೆ ಉಕ್ಕಿನ ತಂತಿ ಇರುತ್ತದೆ.

ಇನ್ನೊಂದು ಮಾತು. ಆ ಮೆಟ್ಟಿಲಿಗೆ ಇನ್ವರ್ಟರ್ ಮೇಲೆ ಒಂದು ಝೀರೋ ಬಲ್ಬ್ ಹಾಕಿ, ರಾತ್ರಿಯಿಡೀ ಉರಿಯಲಿ. ಎಲ್‌ಇಡಿ ಆದರೆ ಅರ್ಧ ವ್ಯಾಟು. ನಿಮ್ಮ ಹಬ್ ಎಷ್ಟೇ ಸರಿಯಾದರೂ, ಬಿದ್ದು ಕೈ ಮುರಿದುಕೊಂಡವರ ಮೆಟ್ಟಿಲು ಒಂದು ಡಬ್ಬಿಯನ್ನು ನಂಬಿಕೊಂಡು ಇರಬಾರದು.

ಜಗಲಿದೀಪ | ಭಾನುವಾರ ರಾತ್ರಿ 10:30

ಕರಾವಳಿಯಣ್ಣ, ನಿಮ್ಮ ಕೊನೆಯ ಮಾತು ಓದಿ ಎದ್ದು ಸಾಗರ ಪೇಟೆಗೆ ಹೋಗಿ ಝೀರೋ ಬಲ್ಬ್ ತಂದೆ. ಇದನ್ನು ಎರಡು ವರ್ಷದ ಹಿಂದೆಯೇ ಮಾಡಬೇಕಿತ್ತು. ಅಮ್ಮನೂ ‘ಇದು ಚೆನ್ನಾಗಿದೆ’ ಅಂದರು.

ಪ್ಲಗ್ಗು ಮಿಕ್ಸಿ ಮೇಲಿನ ಎತ್ತರದ ಪಾಯಿಂಟಿಗೆ ಹೋಗಿದೆ. ಹಬ್ ಈಗ ಅಟ್ಟದ ತೊಲೆಯ ಪಕ್ಕ, ರೂಟರಿನಿಂದ ಮೂರು ಮೀಟರ್. ಚಾನೆಲ್ 25. ಹಿತ್ತಿಲ ಸೆನ್ಸರ್ ಒಂದು ಕಳೆದುಹೋಗಿತ್ತು, ಸೆಲ್ ತೆಗೆದು ಹಾಕಿ ಮತ್ತೆ ಜೋಡಿಸಿದೆ. ಈಗ ಪಡಸಾಲೆ ಸ್ವಿಚ್ ಆರಿಸಿ ನಡೆದು ನೋಡಿದೆ. ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆ ದೀಪ ಹತ್ತಿತು. ಹತ್ತು ಸಲ ನಡೆದೆ, ಹತ್ತು ಸಲವೂ ಹತ್ತಿತು.

ಜಗಲಿದೀಪ | ಮೂರು ವಾರದ ನಂತರ

ಮಳೆ ಜೋರಾಗಿದೆ. ಈ ಮೂರು ವಾರದಲ್ಲಿ ಐದು ಸಲ ಎರಡು ಗಂಟೆಗಿಂತ ಜಾಸ್ತಿ ಕರೆಂಟ್ ಹೋಗಿದೆ. ಐದು ಸಲವೂ ಹಬ್ ತಾನಾಗಿ ಎದ್ದು ಬಂತು. ವೈರ್‌ಮ್ಯಾನ್ ಬಂದು ಟಿವಿ ಪಾಯಿಂಟನ್ನು ಇನ್ವರ್ಟರಿಗೆ ಸೇರಿಸಿದ್ದಾರೆ. ಪಡಸಾಲೆ ಬೋರ್ಡಿನಲ್ಲಿ ನ್ಯೂಟ್ರಲ್ ಇಲ್ಲವಂತೆ, ಅದಕ್ಕೆ ಸದ್ಯ ಕೈ ಹಾಕಿಲ್ಲ. ಟ್ಯಾಂಕಿನ ಸೆನ್ಸರ್ ಮಾತ್ರ ಈಗಲೂ ಬಿಟ್ಟು ಬಿಟ್ಟು ಸಿಗುತ್ತಿದೆ. ತುಂಬಿದ ಟ್ಯಾಂಕಿನ ನೀರೇ ರೇಡಿಯೋಗೆ ಅಡ್ಡ ಅಂತ ಅಕ್ಕ ಹೇಳಿದ್ದಾರೆ, ದೀಪಾವಳಿಗೆ ಹೋದಾಗ ಅದನ್ನು ಇನ್ನೊಂದು ಬದಿಗೆ ಸರಿಸುತ್ತೇನೆ.

ಅಪ್ಪ ಬರೆಯುವುದನ್ನು ನಿಲ್ಲಿಸಿಲ್ಲ. ನಿನ್ನೆಯ ಸಾಲು ಇದು: ‘ರಾತ್ರಿ 2:10. ಇವಳು ಎದ್ದಳು. ದೀಪ ಹತ್ತಿತು. ಟಾರ್ಚ್ ಮಂಚದ ಕೆಳಗೇ ಇತ್ತು.’